ಫಕ್ಕೀರವ್ವನ ಮೊರ, ನಮ್ಮ ಮೂಗು

ನಮ್ಮ ಯಂತ್ರಕ್ಕೆ ಕಾಗದದ ಮೇಲೆ ಮಾರುದ್ದದ ಹೆಸರಿದೆ. ಜನ ಅದನ್ನು ಮೂಗು ಎನ್ನುತ್ತಾರೆ. ಅದನ್ನು ಕಟ್ಟಿದ ನಾನೂ ಮೂಗು ಎಂದೇ ಕರೆಯುತ್ತೇನೆ. ಅಂಗೈಯಗಲದ ಡಬ್ಬಿ, ಮುಂದೆ ಎರಡು ತೂತು, ಮೇಲೊಂದು ದೀಪ. ಶೇಂಗಾ ಕುಟ್ಟಿದ ಪುಡಿಯನ್ನು ಒಂದು ಚಮಚ ಆ ತೂತುಗಳ ಮುಂದೆ ಹಿಡಿದರೆ ಹತ್ತು ಎಣಿಸುವಷ್ಟರಲ್ಲಿ ದೀಪ ಹಸಿರೋ ಕೆಂಪೋ ಆಗುತ್ತದೆ. ಹಸಿರಾದರೆ ತಿನ್ನಬೇಕು, ಕೆಂಪಾದರೆ ಸುಡಬೇಕು. ನಡುವೆ ಇನ್ನೊಂದು ಬಣ್ಣ ಇಡಿ ಎಂದು ಎಷ್ಟೋ ಜನ ಬಂದು ಬೇಡಿಕೊಂಡರು. ವಿಷದಲ್ಲಿ ಅರ್ಧ ವಿಷ ಅಂತ ಇರತದೇನ್ರಿ ಎಂದು ಗದರಿಸಿ ಕಳಿಸಿದವಳು ನಾನೇ.

ನಾನು ಇಂದುಮತಿ ಬಳಿಗಾರ. ಲಕ್ಷ್ಮೇಶ್ವರದ ಹೊರಗಿನ ವಿಶ್ವವಿದ್ಯಾಲಯದಲ್ಲಿ ಉಪಕರಣ ವಿಭಾಗದ ಮುಖ್ಯಸ್ಥೆ. ನನ್ನ ಬಾಯಿ ಜೋರು ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ.

ಕಾಣದ ಬೂಷ್ಟು ಬಂದು ಹನ್ನೆರಡು ವರ್ಷವಾಯಿತು. ಬೇಸಿಗೆಗಳು ವರ್ಷ ವರ್ಷ ಉದ್ದವಾಗುತ್ತ ಹೋದಾಗ ಎಲ್ಲಿಂದಲೋ ಹುಟ್ಟಿಕೊಂಡದ್ದು. ಮಾಮೂಲಿ ಬೂಷ್ಟು ಹಸಿರಾಗಿಯೋ ಕಪ್ಪಾಗಿಯೋ ಕಣ್ಣಿಗೆ ಬೀಳುತ್ತದೆ. ಇದು ಶೇಂಗಾಕಾಳಿನ ಒಳಗೇ ಕೂತು ಬೆಳೆಯುತ್ತದೆ. ಮೇಲಿನ ಸಿಪ್ಪೆ ಕೆಂಪಗೆ ಹೊಳೆಯುತ್ತಲೇ ಇರುತ್ತದೆ. ಅದನ್ನು ತಿಂದ ಮಕ್ಕಳ ಬೆಳವಣಿಗೆ ನಿಂತುಹೋಗುತ್ತದೆ, ದೊಡ್ಡವರ ಲಿವರು ಕೆಡುತ್ತದೆ. ಮನುಷ್ಯರ ಮೂಗಿಗೆ ಇದರ ವಾಸನೆ ಹತ್ತುವುದಿಲ್ಲ, ಜೇನುನೊಣಕ್ಕೆ ಹತ್ತುತ್ತದೆ. ಜೇನುನೊಣದ ಮೀಸೆಯ ಜೀವಕೋಶಗಳನ್ನು ಗಾಜಿನ ಬಿಲ್ಲೆಯ ಮೇಲೆ ಬೆಳೆಸುವ ವಿದ್ಯೆ ಮಲಾವಿ ದೇಶದ ತೋಕೋಜಾನಿ ಎಂಬೇವೆಯದು. ಆ ಕೋಶಗಳು ವಾಸನೆ ಹಿಡಿದಾಗ ಹುಟ್ಟುವ ಕೂದಲೆಳೆಯಷ್ಟು ವಿದ್ಯುತ್ತನ್ನು ಓದುವ ಸರ್ಕ್ಯೂಟು ನನ್ನದು. ಹೀಗೆ ಎರಡು ದೇಶದ ಇಬ್ಬರು ಹೆಂಗಸರು ಸೇರಿ ಒಂದು ಮೂಗು ಮಾಡಿದೆವು.

ಈಗ ಮೂಗಿಲ್ಲದ ಅಡುಗೆಮನೆಯೇ ಇಲ್ಲ. ಹೆಣ್ಣು ನೋಡಲು ಬಂದವರು ಮೊದಲು ಒಲೆಯ ಮೇಲಿನ ಗೋಡೆ ನೋಡುತ್ತಾರೆ. ಖಾನಾವಳಿಗಳ ಮುಂದೆ ‘ಮೂಗು ಒಪ್ಪಿದ ಊಟ’ ಎಂಬ ಬೋರ್ಡು. ಕೆಂಪು ಬಿದ್ದ ಚೀಲಗಳನ್ನು ಮೊನ್ನೆ ಮೊನ್ನೆಯವರೆಗೂ ಸರಕಾರದವರೇ ಮಾರುಕಟ್ಟೆಯ ಹಿಂದೆ ಸುಡುತ್ತಿದ್ದರು. ಸುಡುವ ಶೇಂಗಾದ ವಾಸನೆ ಹುರಿಯುವ ಶೇಂಗಾದ ವಾಸನೆಯ ಹಾಗೆಯೇ ಇರುತ್ತದೆ. ಹಸಿದವರಿಗೆ ಅದೇ ದೊಡ್ಡ ಸಂಕಟವಾಗಿತ್ತು.

ನಮ್ಮ ಅತ್ತೆ ಮಾತ್ರ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವಾಗ ಮೂಗಿನ ಮೇಲೆ ಒಂದು ಅರಿವೆ ಹೊದಿಸಿಬಿಡುತ್ತಾರೆ. “ನಾ ಕುಟ್ಟೂದನ್ನ ಅದು ಯಾಕ ಮೂಸಬೇಕು? ಅದಕ್ಕ ಹಲ್ಲ ಅದಾವೇನು, ನಾಲಿಗಿ ಐತೇನು?” ಸೊಸೆ ಮಾಡಿದ ಯಂತ್ರಕ್ಕೆ ಅತ್ತೆ ಮುಸುಕು ಹಾಕಿದ ಸುದ್ದಿ ಓಣಿಯಲ್ಲೆಲ್ಲ ಹಬ್ಬಿ, ನಾನು ಒಂದು ತಿಂಗಳು ತಲೆ ಎತ್ತಿ ಓಡಾಡಲಿಲ್ಲ.

ಈ ಕತೆ ನಡೆದ ವರ್ಷ ಆರು ತಿಂಗಳ ಕೆಲಸಕ್ಕೆಂದು ಆಫ್ರಿಕಾದಿಂದ ಇಬ್ಬರು ಬಂದಿದ್ದರು. ಒಬ್ಬಳು ತೋಕೋಜಾನಿ. ನಮ್ಮ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲೇ ಅವಳ ವಾಸ. ಇನ್ನೊಬ್ಬ ಉಗಾಂಡಾದ ವಿಕ್ಲಿಫ್ ಒಕೆಲ್ಲೊ, ಲೆಕ್ಕಶಾಸ್ತ್ರದವನು, ಮಾತು ಕಡಿಮೆ, ಚಹಾ ಜಾಸ್ತಿ. ಅವರು ಬಂದ ವಾರದಲ್ಲೇ ನಮ್ಮ ಪ್ರಯೋಗಶಾಲೆಯ ಸಹಾಯಕಿ ಫಕ್ಕೀರವ್ವ ಇಬ್ಬರ ಹೆಸರನ್ನೂ ತನ್ನ ನಾಲಿಗೆಗೆ ಒಗ್ಗಿಸಿಕೊಂಡಳು. ತೋಕೋಜಾನಿ ತೋಕವ್ವ ಆದಳು, ಒಕೆಲ್ಲೊ ಒಕ್ಕಲಪ್ಪ ಆದ. ಫಕ್ಕೀರವ್ವ ಹದಿನಾಲ್ಕು ವರ್ಷದಿಂದ ಗುತ್ತಿಗೆಯ ಮೇಲೆ ಇದ್ದವಳು. ಮಾದರಿ ಚೀಲ ಒಡೆಯುವುದು, ಕಾಳನ್ನು ಹಿಟ್ಟು ಮಾಡುವುದು, ಬಾಟಲಿಗೆ ತುಂಬಿ ಇಡುವುದು, ಇವು ಅವಳ ಕೆಲಸ. ಮೂಗಿಗೆ ಹಿಟ್ಟೇ ಬೇಕು. ಜಗತ್ತಿನಲ್ಲಿ ಈ ಬೂಷ್ಟಿನ ಮೇಲೆ ಕೆಲಸ ಮಾಡಿದವರೆಲ್ಲ ಮೊದಲು ಮಾಡುವುದು ಅದೇ, ಕಾಳನ್ನು ಬೀಸಿಬಿಡುವುದು.

ಒಂದು ಸೋಮವಾರ ಮಲಾವಿಯಿಂದ ಆರು ಚೀಲ ಬಂದವು, ತಲಾ ಎರಡು ಕಿಲೋ, ಮೇಲೆ ಅರಗಿನ ಮುದ್ರೆ. ಅದನ್ನು ನೋಡಿ ತೋಕೋಜಾನಿಯ ಮುಖ ಸಪ್ಪಗಾಯಿತು. ಅವು ಅವಳ ತವರೂರು ಚಿಗೋಂಬೆಯವು. ಅಲ್ಲಿ ಅವಳ ಅಕ್ಕ ಎಸ್ನಾತ್ ನಲವತ್ತು ಮನೆಯ ಹೆಂಗಸರನ್ನು ಕೂಡಿಸಿ ಶೇಂಗಾ ಬೆಳೆದಿದ್ದಳು. ಸಿಪ್ಪೆ ಸುಲಿಯುವ ಯಂತ್ರದಿಂದ ನೇರವಾಗಿ ಚೀಲಕ್ಕೆ, ಚೀಲದಿಂದ ಗೋದಾಮಿಗೆ. ಮುನ್ನೂರ ಹನ್ನೆರಡು ಚೀಲಕ್ಕೂ ಗೋದಾಮಿನ ಮೂಗು ಕೆಂಪು ತೋರಿಸಿತ್ತು.

“ನಲವತ್ತು ಮನೆಯ ಒಂದು ವರ್ಷದ ಊಟ ಅದು. ಶುಕ್ರವಾರ ಸುಡುತ್ತಾರೆ” ಎಂದಳು. “ಯಂತ್ರ ಮಾಡಿದವರ ಹತ್ತಿರ ಒಂದು ಸಲ ಮರುಪರೀಕ್ಷೆ ಕೇಳಬಹುದು ಅಂತ ಕಾನೂನಿದೆ. ಅಕ್ಕ ಕೇಳಿದ್ದಾಳೆ. ನಾನು ಮಾಡಿದ ಮೂಗು ನನ್ನ ಅಕ್ಕನ ಮನೆಯ ಒಲೆಗೇ ನೀರು ಹಾಕಿತು, ಇಂದುಮತಿ.”

ನಮ್ಮಲ್ಲಿರುವುದು ದೊಡ್ಡಮೂಗು. ಉಳಿದೆಲ್ಲ ಮೂಗುಗಳನ್ನು ಇದಕ್ಕೆ ಹೋಲಿಸಿಯೇ ಸರಿಪಡಿಸುವುದು. ಇದು ಬಣ್ಣ ಅಷ್ಟೇ ಅಲ್ಲ, ಅಂಕಿಯನ್ನೂ ಹೇಳುತ್ತದೆ. ಇಪ್ಪತ್ತರ ಮೇಲೆ ಹೋದರೆ ವಿಷ. ಗೋದಾಮಿನ ಯಂತ್ರದ ಒಳಗೆ ದಾಖಲಾದ ಅಂಕಿ ಎಪ್ಪತ್ತರ ಹತ್ತಿರವಿತ್ತು.

ಮಂಗಳವಾರ ಹತ್ತು ಗಂಟೆಗೆ ಫಕ್ಕೀರವ್ವ ನಾಲ್ಕು ಚೀಲದ ಹಿಟ್ಟನ್ನು ನಾಲ್ಕು ಬಾಟಲಿಯಲ್ಲಿ ತುಂಬಿ ಸಾಲಾಗಿ ಇಟ್ಟಿದ್ದಳು. ಮೊದಲನೆಯದು ಹಿಡಿದೆ. ಮೂರು. ಎರಡನೆಯದೂ ಮೂರು. ಮೂರನೆಯದು ಎರಡು, ನಾಲ್ಕನೆಯದು ಮೂರು. ದೀಪ ಹಚ್ಚಹಸಿರು.

ತೋಕೋಜಾನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದಳು. ಆ ಕಡೆಯಿಂದ ಹೆಂಗಸರು ನಾಲಿಗೆ ಆಡಿಸಿ ಹಾಕುವ ಉಲ್ಲಾಸದ ಕೂಗು ಕೇಳಿಸಿತು. ನನಗೂ ಕಣ್ಣು ತುಂಬಿತು. ಒಕೆಲ್ಲೊ ಮಾತ್ರ ಚಹಾದ ಕಪ್ಪು ಕೆಳಗಿಟ್ಟು, “ಹಾಗಾದರೆ ಗೋದಾಮಿನ ಮೂಗು ಯಾಕೆ ಎಪ್ಪತ್ತು ಅಂದಿತು?” ಎಂದ.

ಆ ಪ್ರಶ್ನೆ ಸಂಜೆ ನಮ್ಮ ಊಟಕ್ಕೂ ಬಂತು. ಗೋದಾಮಿನ ಮೂಗು ಸುಳ್ಳಾದರೆ ಮನೆಮನೆಯ ಮೂಗುಗಳೂ ಸುಳ್ಳಿರಬಹುದು. ದೊಡ್ಡಮೂಗು ಸುಳ್ಳಾದರೆ ಇನ್ನೂ ಕೇಡು: ನಾವು ಹಸಿರು ಅಂದದ್ದನ್ನು ನಂಬಿ ಮಕ್ಕಳು ವಿಷ ತಿನ್ನುತ್ತವೆ. ತೋಕೋಜಾನಿ ಒಂದು ಪತ್ರ ಬರೆದು ತಂದಿದ್ದಳು. ಗೋದಾಮಿನ ಉಪಕರಣದಲ್ಲಿ ದೋಷವಿದೆ, ಚೀಲಗಳನ್ನು ಬಿಟ್ಟುಕೊಡಿ ಎಂದು. ಅದಕ್ಕೆ ಇಬ್ಬರ ಸಹಿಯೂ ಬೇಕಿತ್ತು.

“ನಾನು ಸಹಿ ಹಾಕೋದಿಲ್ಲ” ಎಂದೆ.

“ನಾಲ್ಕು ಸಲ ಹಸಿರು ಬಂದಿದೆ. ನಿನ್ನ ಕಣ್ಣಾರೆ ನೋಡಿದ್ದೀ.”

“ಅಲ್ಲಿನ ಯಂತ್ರದ ಒಳಗಿನ ದಾಖಲೆಯೆಲ್ಲ ತರಿಸಿ ನೋಡಿದೆ. ಅದರಲ್ಲಿ ದೋಷ ಇಲ್ಲ. ಆ ಚೀಲ ತಿಂದು ನಿನ್ನ ಅಕ್ಕನ ಮೊಮ್ಮಕ್ಕಳಿಗೆ ಏನಾದರೂ ಆದರೆ?”

“ಸುಟ್ಟರೆ ಏನಾಗುತ್ತದೆ ಅಂತ ನನಗೆ ಗೊತ್ತಿದೆ. ಅದನ್ನು ಲೆಕ್ಕ ಹಾಕೋ ಯಂತ್ರ ಇಲ್ಲ.” ಅವಳ ದನಿ ಏರಲಿಲ್ಲ. ತಟ್ಟೆಯ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಮೇಲೆ ಹೋದಳು.

ಭಾಷೆ ತಿಳಿಯದಿದ್ದರೂ ಅತ್ತೆಗೆ ಜಗಳ ತಿಳಿಯಿತು. “ಉಣ್ಣೂ ಹೊತ್ತಿನ್ಯಾಗ ಆ ಪೋರಿನ್ನ ಎಬ್ಬಿಸಿ ಕಳಿಸಿದ್ಯಲ್ಲ ಇಂದೂ. ನಿನ್ನ ಮೂಗಿಗೆ ನಾ ಅರಿವಿ ಹೊಚ್ಚೂದು ಸುಮ್ಮನ ಅಲ್ಲ” ಎಂದರು.

ಬುಧವಾರ ಬೆಳಿಗ್ಗೆ ಒಕೆಲ್ಲೊ ತಕ್ಕಡಿಯ ಮುಂದೆ ಕೂತಿದ್ದ. ಕೆಲಸವಿಲ್ಲದಾಗ ಏನನ್ನಾದರೂ ತೂಗುತ್ತ ಕೂಡುವುದು ಅವನ ಚಾಳಿ. ನಾಲ್ಕು ಬಾಟಲಿಯ ಹಿಟ್ಟನ್ನೂ ತೂಗಿ ನನ್ನನ್ನು ಕರೆದ.

“ಚೀಲದ ಮೇಲೆ ಎರಡು ಕಿಲೋ ಅಂತ ಇದೆ. ಹಿಟ್ಟು ಇರೋದು ಒಂದು ಕಿಲೋ ಎಂಟುನೂರ ಐವತ್ತು ಗ್ರಾಂ. ನಾಲ್ಕರಲ್ಲೂ ಹೆಚ್ಚುಕಡಿಮೆ ಅಷ್ಟೇ.”

ಬೀಸುವಾಗ ಐದೋ ಹತ್ತೋ ಗ್ರಾಂ ಹೋಗಬಹುದು. ನೂರೈವತ್ತು ಹೇಗೆ ಹೋಗುತ್ತದೆ? ನನ್ನ ಸಿಟ್ಟು ನೆತ್ತಿಗೇರಿತು. ಪಡಸಾಲೆಗೆ ಬಂದು ಎಲ್ಲರಿಗೂ ಕೇಳುವಂತೆ ಕೂಗಾಡಿದೆ. “ಪರೀಕ್ಷಾಕ್ಕ ಬಂದ ಕಾಳ ತಿಂದವರು ಯಾರು? ಇದೇನ ಪ್ರಯೋಗಶಾಲಿನೋ ಖಾನಾವಳಿನೋ?”

ಫಕ್ಕೀರವ್ವ ಕಸಬರಿಗೆ ಹಿಡಿದುಕೊಂಡೇ ಬಂದಳು. ಮುಖ ಬಿಳುಚಿಕೊಂಡಿತ್ತು. “ನಾ ಒಂದ ಕಾಳನೂ ಬಾಯಾಗ ಹಾಕ್ಕೊಂಡಿಲ್ರಿ ಅಕ್ಕಾರ. ಫಕ್ಕೀರಸ್ವಾಮಿ ಆಣಿ.”

“ಹಂಗಾದ್ರ ಎಲ್ಲಿ ಹೋತು?”

“ಕೇರಿ ತಗದೀನ್ರಿ.”

“ಏನ್ ತಗದಿ?”

“ಜೊಳ್ಳ ಕಾಳರಿ. ಮೊರದಾಗ ಹಾಕಿ ಕೇರಿದ್ರ ಮುಂದ ಬಂದ್ವು. ತಗದ ಇಟ್ಟೆ.”

ಹದಿನಾಲ್ಕು ವರ್ಷ ಕೆಲಸ ಮಾಡಿದವಳು! “ಸ್ಯಾಂಪಲ್ ಹೆಂಗ ಬಂದೈತಿ ಹಂಗ ಬೀಸಬೇಕು ಅಂತ ನಿನಗ ಎಷ್ಟ ಸಲ ಹೇಳಬೇಕು?” ಎಂದೆ.

“ಗೊತ್ತೈತ್ರಿ. ನಮ್ಮ ಕಡೆ ಕಾಳ ಬಂದಾಗ ಎಂದಾರ ಮುಟ್ಟೀನೇನ್ರಿ? ಇವು ತೋಕವ್ವನ ತವರಮನಿ ಕಾಳ. ದೊಡ್ಡ ದೊಡ್ಡ ಸಾಹೇಬರೆಲ್ಲ ನೋಡಾವರು. ಹೊಲಸ ಐತಿ ಅಂದ್ರ ಆಕಿ ತಲಿ ತಗ್ಗಿಸಬೇಕಾಕ್ಕೈತಲ್ರಿ. ಬೀಗರು ತಂದ ಕಾಳ ಅವರ ಎದರಿಗೆ ಹಸನ ಮಾಡಬಾರದು, ಅವಮಾನ ಮಾಡಿಧಂಗ ಅಂತ ನಮ್ಮವ್ವ ಹೇಳಾಕಿ. ಅದಕ್ಕ ನೀವ್ಯಾರೂ ಬರೂದರೊಳಗ ಬಂದು ಹಸನ ಮಾಡಿ ಬೀಸಿದೆ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಕೆಲಸದಿಂದ ತಗೀರಿ ಬೇಕಾದ್ರ. ಕಳ್ಳಿ ಅಂತ ಮಾತ್ರ ಅನಬ್ಯಾಡ್ರಿ.”

ನಾನು ಇನ್ನೂ ಏನೋ ಅನ್ನುವವಳಿದ್ದೆ. ಅಷ್ಟರಲ್ಲಿ, ನನ್ನ ತೋಳು ಹಿಡಿದು ಏನಾಯಿತೆಂದು ಕೇಳುತ್ತಿದ್ದ ತೋಕೋಜಾನಿಗೆ ಎಲ್ಲವನ್ನೂ ಹೇಳಬೇಕಾಯಿತು. ಅವಳು, “ತೆಗೆದ ಕಾಳು ಎಲ್ಲಿದೆ ಅಂತ ಕೇಳು” ಎಂದಳು.

ಕಾಳು ಉಗ್ರಾಣದ ಕಪಾಟಿನಲ್ಲಿ, ಒಂದು ಸ್ಟೀಲ್ ಡಬ್ಬಿಯಲ್ಲಿ ಇತ್ತು. ಬೀಗರ ಕಾಳು ಚೆಲ್ಲಬಾರದೆಂದು ಇಟ್ಟುಕೊಂಡಿದ್ದಳು. ಭಾನುವಾರ ತನ್ನ ಕೋಳಿಗೆ ಹಾಕುವವಳಿದ್ದಳು. ಒಂದು ಹಿಡಿ ಕೈಗೆ ತೆಗೆದುಕೊಂಡು ನೋಡಿದೆ. ದುಂಡಗೆ, ಕೆಂಪಗೆ, ಒಳ್ಳೆಯ ಕಾಳಿನ ಹಾಗೆಯೇ ಇತ್ತು. ಹಿಟ್ಟು ಮಾಡಿ ದೊಡ್ಡಮೂಗಿನ ಮುಂದೆ ಹಿಡಿದೆ.

ಒಂಬೈನೂರು. ಹನ್ನೊಂದು ವರ್ಷದಲ್ಲಿ ಅಷ್ಟು ದೊಡ್ಡ ಅಂಕಿಯನ್ನು ನಾನು ನೋಡಿರಲಿಲ್ಲ.

ಒಕೆಲ್ಲೊ ಕಾಗದದ ತುಂಡಿನ ಮೇಲೆ ಗೀಚಿದ. ಒಂದು ಕಿಲೋ ಎಂಟುನೂರ ಐವತ್ತು ಗ್ರಾಂ ಎಂದು ಗೊಣಗಿಕೊಂಡ. “ಅಷ್ಟು ಕಾಳಿಗೆ ಮೂರು, ನೂರೈವತ್ತಕ್ಕೆ ಒಂಬೈನೂರು. ಎರಡನ್ನೂ ಕೂಡಿಸಿ ಬೀಸಿದರೆ ಎಪ್ಪತ್ತು. ಎರಡು ಮೂಗೂ ಸತ್ಯವನ್ನೇ ಹೇಳಿವೆ.”

ಚೀಲದ ಕಾಳೆಲ್ಲ ಕೆಟ್ಟಿರುತ್ತದೆ ಎಂದು ನಾವು ನಂಬಿದ್ದೆವು. ಕೆಟ್ಟದ್ದು ನೂರಕ್ಕೆ ಏಳೆಂಟು ಕಾಳು ಮಾತ್ರ. ಉಳಿದದ್ದು ಮಕ್ಕಳಿಗೆ ತಿನ್ನಿಸುವಷ್ಟು ಶುದ್ಧ. ಅದು ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ನಾವೆಲ್ಲ ಮೊದಲು ಹಿಟ್ಟು ಮಾಡಿಬಿಡುತ್ತಿದ್ದೆವು. ಬೂಷ್ಟು ಒಳಗಿನ ಎಣ್ಣೆ ತಿಂದರೆ ಕಾಳು ಹಗುರಾಗಬೇಕಲ್ಲ ಎಂದು ತೋಕೋಜಾನಿ ತಲೆ ಚಚ್ಚಿಕೊಂಡಳು. ಹನ್ನೊಂದು ವರ್ಷ ಸುಟ್ಟ ಚೀಲಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಆ ಹೊಗೆಯ ಪಾಲು ನನಗೂ ಸೇರುತ್ತದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಒಂದು ಸಲ ಕಣ್ಣಾರೆ ನೋಡದೆ ಏನನ್ನೂ ಬರೆಯುವ ಹಾಗಿರಲಿಲ್ಲ. ಮುದ್ರೆ ಒಡೆಯದ ಎರಡು ಚೀಲ ಉಳಿದಿದ್ದವು. ಫಕ್ಕೀರವ್ವನಿಗೆ ಮೊರ ತಾ ಎಂದೆ.

“ತೋಕವ್ವನ ಎದರಿಗಾ? ಒಲ್ಲೆರಿ” ಎಂದಳು. ಕೆಲಸ ಹೋದರೂ ಚಿಂತೆಯಿಲ್ಲ, ಆದರೆ ಅದೊಂದು ಆಗದು.

ತೋಕೋಜಾನಿಗೆ ಹೇಳಿದೆ. ಅವಳು ಚಪ್ಪಲಿ ಬಿಟ್ಟು ನೆಲದ ಮೇಲೆ ಕಾಲು ಚಾಚಿ ಕೂತಳು, ತಾನೇ ಮೊರ ಎಳೆದುಕೊಂಡು ಅದಕ್ಕೆ ಕಾಳು ಸುರಿದುಕೊಂಡಳು. ಅವರ ಕಡೆ ಅದಕ್ಕೆ ಲಿಚೆರೊ ಎನ್ನುತ್ತಾರಂತೆ, ದುಂಡಗಿರುತ್ತದಂತೆ. ಅಜ್ಜಿಯ ಜೊತೆ ಕೂತು ಕಲಿತದ್ದು, ಇಪ್ಪತ್ತೈದು ವರ್ಷವಾಯಿತು ಮುಟ್ಟಿ, ಯಂತ್ರ ಬಂದ ಮೇಲೆ ಗೋದಾಮಿಗೆ ಕಳಿಸುವ ಕಾಳನ್ನು ಯಾರೂ ಕೇರುವುದಿಲ್ಲ ಎಂದಳು. ನಾಲ್ಕು ಸಲ ಎತ್ತಿ ಹಾಕುವಷ್ಟರಲ್ಲಿ ಕೈಗೆ ಹಳೆಯ ಹದ ಬಂತು.

ಫಕ್ಕೀರವ್ವ ತಡೆಯಲಾರದೆ ಎದುರು ಬಂದು ಕೂತಳು. ಮನೆಯವಳೇ ಹಸನು ಮಾಡಲು ಕೂತ ಮೇಲೆ ಅವಮಾನದ ಮಾತೆಲ್ಲಿಯದು? “ಕೈ ಪಳಗೇತ್ರಿ ಅಕ್ಕಾರ ಇವರದ. ಆದ್ರ ಮಣಿಕಟ್ಟ ಬಿಗೀ ಹಿಡದಾರ. ಸಡ್ಲ ಬಿಡ ಅನ್ರಿ. ಜೊಳ್ಳ ಕಾಳಿನ ಸಪ್ಪಳ ಬ್ಯಾರೆ ಇರತೈತಿ, ಕಿವಿಗೊಟ್ಟ ಕೇಳ ಅನ್ರಿ.”

ನಾನೂ ಒಂದು ಕೈ ನೋಡಿದೆ. ಅರ್ಧ ಕಾಳು ನೆಲದ ಪಾಲಾಯಿತು. ಈ ಮೊರವೇ ಸರಿ ಇಲ್ಲ ಎಂದೆ.

“ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಲಂತ” ಎಂದು ಫಕ್ಕೀರವ್ವ ಕಾಳು ಆರಿಸುತ್ತಲೇ ಅಂದಳು. ಬೆಳಿಗ್ಗೆ ಬೈಸಿಕೊಂಡವಳು, ಮಧ್ಯಾಹ್ನಕ್ಕೆ ನನ್ನನ್ನೇ ಆಡಿಕೊಂಡಳು. ಅಂದದ್ದು ಸರಿಯಾಗಿಯೇ ಇತ್ತು.

ಕೇರಿ ಉಳಿದ ಕಾಳಿಗೆ ದೊಡ್ಡಮೂಗು ನಾಲ್ಕು ಅಂದಿತು. ಎರಡನೆಯ ಚೀಲವನ್ನು ಕೇರದೆ ಹಾಗೆಯೇ ಬೀಸಿದೆವು. ಅರವತ್ತೆಂಟು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

ಹಳೆಯ ಪತ್ರವನ್ನು ತೋಕೋಜಾನಿ ಹರಿದು ಹಾಕಿದಳು. ಹೊಸ ಪತ್ರದಲ್ಲಿ ಮೂಗು ಸರಿಯಿದೆ, ಚೀಲ ಕೆಂಪೇ, ಆದರೆ ಕೇರಿ ಮತ್ತೆ ಮೂಗಿಗೆ ಹಿಡಿಯಲು ಅವಕಾಶ ಕೊಡಿ ಎಂದು ಬರೆದೆವು. ಅದಕ್ಕೆ ಮೊದಲು ಸಹಿ ಹಾಕಿದ್ದು ನಾನು. ಫಕ್ಕೀರವ್ವನ ಕೈಯ ವಿಡಿಯೋ, ಒಕೆಲ್ಲೊನ ಲೆಕ್ಕ ಎರಡನ್ನೂ ಜೊತೆಗೆ ಕಳಿಸಿದೆವು. ಗೋದಾಮಿನ ಅಧಿಕಾರಿ ಗುರುವಾರವಿಡೀ ಉತ್ತರ ಕೊಡಲಿಲ್ಲ. ಕೊನೆಗೆ ರಾತ್ರಿ ಬಂದ ಉತ್ತರ ಚಿಕ್ಕದಾಗಿತ್ತು. ಶುಕ್ರವಾರ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಗೋದಾಮಿನ ಅಂಗಳ ನಿಮ್ಮದು. ಹಸಿರಾದದ್ದು ನಿಮ್ಮದು, ಮುಳುಗಿದ ಮೇಲೆ ಉಳಿದದ್ದು ಬೆಂಕಿಯದು.

ಶುಕ್ರವಾರ ನಮ್ಮಲ್ಲಿ ಬಿಸಿಲೇರುವ ಹೊತ್ತಿಗೆ ಅಲ್ಲಿ ಬೆಳಗಾಯಿತು. ಎಸ್ನಾತ್ ಫೋನನ್ನು ಒಂದು ಕಂಬಕ್ಕೆ ಕಟ್ಟಿದ್ದಳು. ಚಿತ್ರ ನಿಂತು ನಿಂತು ಬರುತ್ತಿತ್ತು, ಸಪ್ಪಳ ಮಾತ್ರ ಸ್ಪಷ್ಟವಾಗಿತ್ತು. ನಲವತ್ತು ಲಿಚೆರೊಗಳಲ್ಲಿ ಕಾಳು ಎದ್ದು ಬೀಳುವ ಸಪ್ಪಳ ನಮ್ಮ ಪ್ರಯೋಗಶಾಲೆಯ ತುಂಬ ಕೇಳುತ್ತಿತ್ತು. ಮೊದಲ ಚೀಲಕ್ಕೆ ಮೂಗು ಕೆಂಪನ್ನೇ ತೋರಿಸಿತು.

ಫಕ್ಕೀರವ್ವ ಕಣ್ಣು ಮುಚ್ಚಿ ಫೋನಿನ ಹತ್ತಿರ ಕಿವಿ ಇಟ್ಟಳು. “ಗಡಿಬಿಡಿ ಮಾಡಾಕತ್ತಾರ. ಒಂದ ಸಲಕ್ಕ ಭಾಳ ತುಂಬ್ಯಾರ, ಕಾಳ ಹೊರಳಾಕ ಜಾಗಾ ಇಲ್ಲ. ಅರ್ಧ ತಗೀ ಅನ್ರಿ. ಕಂಬದ ಹತ್ತರ ಕುಂತಾಕಿ ಒಬ್ಬಾಕಿ ಚೊಲೊ ಕೇರಾಕತ್ತಾಳ. ಎಲ್ಲಾರೂ ಆಕಿನ್ನ ನೋಡಿ ಮಾಡ ಅನ್ರಿ.”

ನಾನು ತೋಕೋಜಾನಿಗೆ ಹೇಳಿದೆ, ತೋಕೋಜಾನಿ ಅವರ ಭಾಷೆಯಲ್ಲಿ ಕೂಗಿ ಹೇಳಿದಳು. ಕಂಬದ ಹತ್ತಿರ ಕೂತವಳು ಎಸ್ನಾತ್ ಎಂದು ಆಮೇಲೆ ತಿಳಿಯಿತು. ಅದೇ ಚೀಲವನ್ನು ಮತ್ತೊಮ್ಮೆ ಕೇರಿದಾಗ ದೀಪ ಹಸಿರಾಯಿತು. ಆಮೇಲೆ ಯಾರೂ ಸಂಭ್ರಮಪಡಲಿಲ್ಲ, ಅದಕ್ಕೆ ಹೊತ್ತಿರಲಿಲ್ಲ. ಸುದ್ದಿ ಕೇಳಿ ಪಕ್ಕದ ಊರಿನ ಹೆಂಗಸರೂ ಲಿಚೆರೊ ಹೊತ್ತು ಬಂದರು. ಫಕ್ಕೀರವ್ವ ಊಟಕ್ಕೂ ಏಳಲಿಲ್ಲ. ಅತ್ತೆ ಕಟ್ಟಿ ಕಳಿಸಿದ ರೊಟ್ಟಿಯನ್ನು ಫೋನಿನ ಮುಂದೆಯೇ ಕೂತು ತಿಂದಳು.

ಅಲ್ಲಿ ಸೂರ್ಯ ಮುಳುಗುವಾಗ ಇನ್ನೂರ ಐವತ್ತೊಂದು ಚೀಲ ಹಸಿರಾಗಿದ್ದವು. ಅರವತ್ತೊಂದು ಕೇರದೆ ಉಳಿದವು. ಅಧಿಕಾರಿ ಮಾತಿನಂತೆ ನಡೆದ. ಕೇರಿದ್ದರೆ ಅವೂ ಉಳಿಯುತ್ತಿದ್ದವು ಎಂಬುದು ಈಗ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಫೋನಿನಲ್ಲಿ ಬೆಂಕಿಯ ಚಟಚಟ ಕೇಳುತ್ತಿದ್ದಾಗ ತೋಕೋಜಾನಿ ಅತ್ತಳು. ಹಸಿರಾದ ಚೀಲಗಳಿಗಾಗಿ ನಗಬೇಕು ಎಂದು ಯಾರೂ ಅವಳಿಗೆ ಹೇಳಲಿಲ್ಲ. ಫಕ್ಕೀರವ್ವ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು.

ಕಾನೂನು ಬದಲಾಗಲು ಎಂಟು ತಿಂಗಳು ಹಿಡಿಯಿತು. ಈಗ ಎಲ್ಲ ಗೋದಾಮುಗಳಲ್ಲೂ ಕೆಂಪು ಬಿದ್ದ ಚೀಲ ಮೊದಲು ಮೊರಕ್ಕೆ ಹೋಗುತ್ತದೆ, ಆಮೇಲೆ ಮತ್ತೆ ಮೂಗಿಗೆ. ಕೇರುವ ಯಂತ್ರ ಮಾಡಿ ಎಂದು ನನ್ನನ್ನು ಕೇಳಿದರು. ಮಾಡುತ್ತಿದ್ದೇನೆ. ಫಕ್ಕೀರವ್ವನ ಅರ್ಧದಷ್ಟೂ ಬಂದಿಲ್ಲ. ಅವಳ ಗುತ್ತಿಗೆ ಹೋಗಿ ಕೆಲಸ ಕಾಯಂ ಆಯಿತು. ಅದಕ್ಕೆ ನಾನು ಮಾಡಿದ ಜಗಳದ ಕತೆ ಇಲ್ಲಿ ಬೇಡ.

ಮರುವರ್ಷ ತೋಕೋಜಾನಿ ಮತ್ತೆ ಬಂದಳು. ಪ್ರಯೋಗಶಾಲೆಗೆ ಬಂದವಳೇ ಬಟ್ಟೆಯ ಚೀಲವೊಂದನ್ನು ಎರಡೂ ಕೈಯಲ್ಲಿ ಹಿಡಿದು ಫಕ್ಕೀರವ್ವನಿಗೆ ಕೊಟ್ಟಳು. ಎಸ್ನಾತ್ ಕಳಿಸಿದ ಹೊಸ ಬೆಳೆಯ ಶೇಂಗಾ. ಫಕ್ಕೀರವ್ವ ಅದನ್ನು ಕಣ್ಣಿಗೊತ್ತಿಕೊಂಡಳು, ಬಿಚ್ಚಲಿಲ್ಲ. “ದಣದ ಬಂದೀರಿ, ಚಾ ಕುಡಕೊಂಡ ಬರ್ರಿ” ಎಂದು ನಮ್ಮಿಬ್ಬರನ್ನೂ ಹೊರಗೆ ಅಟ್ಟಿದಳು.

ಅರ್ಧ ದಾರಿಯಲ್ಲಿ ಕನ್ನಡಕ ಮರೆತದ್ದು ನೆನಪಾಗಿ ತಿರುಗಿ ಬಂದೆ. ಉಗ್ರಾಣದ ಬಾಗಿಲು ಮುಂದಕ್ಕೆ ಹಾಕಿತ್ತು, ಒಳಗೆ ಮೊರದ ಸಪ್ಪಳ. ಸಂದಿಯಿಂದ ನೋಡಿದೆ. ಕೇರಿದಳು, ಒನೆದಳು, ಮತ್ತೆ ಕೇರಿದಳು. ಮೊರದ ತುದಿಗೆ ಒಂದು ಕಾಳೂ ಬರಲಿಲ್ಲ. ಅವಳು ತಲೆ ಎತ್ತಿದಾಗ ನಾನು ಕಣ್ಣಿಗೆ ಬಿದ್ದೆ.

“ಒಂದೂ ಇಲ್ರಿ ಅಕ್ಕಾರ” ಎಂದಳು ಮೆಲ್ಲಗೆ. “ಆಕಿಗೆ ಹೇಳಬ್ಯಾಡ್ರಿ ಮತ್ತ, ನಾ ಕೇರಿದ್ದು.”

ಕ್ಯಾಂಟೀನಿಗೆ ಬಂದೆ. ತೋಕೋಜಾನಿ ಚಹಾ ಮುಟ್ಟದೆ ಕೂತಿದ್ದಳು. “ಕೇರಿದಳಾ?” ಎಂದು ಕೇಳಿದಳು.

ಮಾತು ಕೊಟ್ಟಿರಲಿಲ್ಲವಾದ್ದರಿಂದ ತಲೆಯಾಡಿಸಿದೆ.

“ಏನಂದಳು? ಅಕ್ಕ ಅದನ್ನೇ ಕೇಳಿಕೊಂಡು ಬಾ ಅಂದಿದ್ದಾಳೆ. ಮೂರು ದಿನ ಕೂತು ತಾನೇ ಕೇರಿ ಕಳಿಸಿದ್ದು.”

“ಒಂದೂ ಇಲ್ಲ ಅಂದಳು.”

ಅವಳು ಅಲ್ಲೇ ಅಕ್ಕನಿಗೆ ಫೋನು ಹಚ್ಚಿದಳು. ನಾವು ತಿರುಗಿ ಹೋದಾಗ ಫಕ್ಕೀರವ್ವ ಕಾಳನ್ನು ಹುರಿದು ತಟ್ಟೆಯಲ್ಲಿ ಹಾಕಿ, ಬೆಲ್ಲ ಇಟ್ಟು ಕಾಯುತ್ತಿದ್ದಳು. ಮೂವರೂ ಕೂತು ತಿಂದೆವು. ದೊಡ್ಡಮೂಗು ಪಕ್ಕದ ಮೇಜಿನ ಮೇಲೆಯೇ ಇತ್ತು. ಅದನ್ನು ಹಚ್ಚಬೇಕೆಂದು ನನಗೆ ನೆನಪಾದದ್ದು ತಟ್ಟೆ ಖಾಲಿಯಾದ ಮೇಲೆ.